ಬೆಟ್ಟದ ನೀರನ್ನು ಕೈಬಿಡಬೇಡಿ: ನಮ್ಮ ಪಟ್ಟಣ ಪಂಚಾಯಿತಿಗೆ ಒಂದು ಬಹಿರಂಗ ಪತ್ರ

ಪಟ್ಟಣ ಪಂಚಾಯಿತಿಯ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು, ಸರ್ವ ಸದಸ್ಯರು ಮತ್ತು ಮುಖ್ಯಾಧಿಕಾರಿಗಳಿಗೆ, ಹಾಗೂ ಊರಿನ ಸಮಸ್ತ ನಾಗರಿಕರಿಗೆ,

ವಿಷಯ: ಬೆಟ್ಟದ ಮೇಲಿನ ಹಳೆಯ ನೀರಿನ ತೊಟ್ಟಿಯನ್ನು ಕೈಬಿಡುವ ತೀರ್ಮಾನದ ಮರುಪರಿಶೀಲನೆ ಕುರಿತು.

ಮಾನ್ಯರೇ,

ಕಳೆದ ಸಾಮಾನ್ಯ ಸಭೆಯಲ್ಲಿ ತಾವು ತೆಗೆದುಕೊಂಡ ಎರಡು ತೀರ್ಮಾನಗಳು ಊರಿನಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. ಪಟ್ಟಣದ ಮೂರು ಕಡೆ ಹೊಸದಾಗಿ ಕೊಳವೆಬಾವಿ ಕೊರೆಸುವುದು ಮೊದಲನೆಯದು. ಬೆಟ್ಟದ ತೊಟ್ಟಿಯಿಂದ ಊರಿಗೆ ನೀರು ತರುತ್ತಿದ್ದ ಹಳೆಯ ಕೊಳವೆ ಮಾರ್ಗವನ್ನು ‘ದುರಸ್ತಿಗೆ ಯೋಗ್ಯವಲ್ಲ, ಬೇಸಿಗೆಯಲ್ಲಿ ನೀರು ಬರುವುದಿಲ್ಲ’ ಎಂಬ ಕಾರಣ ಕೊಟ್ಟು ಕೈಬಿಡುವುದು ಎರಡನೆಯದು. ಮೊದಲನೆಯದನ್ನು ನಾನು ವಿರೋಧಿಸುತ್ತಿಲ್ಲ. ಕಷ್ಟಕಾಲಕ್ಕೆ ಒಂದೆರಡು ಕೊಳವೆಬಾವಿ ಇರಲಿ. ಎರಡನೆಯ ತೀರ್ಮಾನವನ್ನು ಹಿಂತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಊರಿನ ಹೆಸರನ್ನು ಬೇಕೆಂದೇ ಇಲ್ಲಿ ಬರೆದಿಲ್ಲ. ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಮಲೆನಾಡಿನ ಬೇರೆ ಸಣ್ಣ ಪಟ್ಟಣಗಳಲ್ಲೂ ಇಂಥದೇ ತೊಟ್ಟಿ, ಇಂಥದೇ ಹಳ್ಳ ಇದ್ದೀತು. ಅಲ್ಲಿನವರಿಗೂ ಈ ಮಾತು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ತುಂಗೆ, ಭದ್ರೆ, ಹೇಮಾವತಿ ಮೂರೂ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಹುಟ್ಟುವ ನದಿಗಳು. ಗಂಗಾಮೂಲದಲ್ಲಿ ಕಣ್ಣುಬಿಡುವ ತುಂಗೆ, ಭದ್ರೆಯರು ಒಂದಾಗಿ ಹೊಸಪೇಟೆಯ ಅಣೆಕಟ್ಟೆಯನ್ನು ತುಂಬುತ್ತಾರೆ. ಬಲ್ಲಾಳರಾಯನದುರ್ಗದ ಕಡೆಯ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರವನ್ನು ಹಾದು, ಗೊರೂರಿನ ಜಲಾಶಯ ಸೇರಿ, ಅಲ್ಲಿಂದ ನಾಲೆಯಲ್ಲಿ ತುಮಕೂರಿನವರೆಗೆ ಹೋಗುತ್ತದೆ. ಅಂಥ ಜಿಲ್ಲೆಯ ಕಾಡಂಚಿನ ಪಟ್ಟಣವೊಂದರಲ್ಲಿ ಮಾರ್ಚ್ ಕಾಲಿಟ್ಟರೆ ಮನೆಮನೆಯ ಮುಂದೆ ನೀಲಿ ಡ್ರಮ್ಮುಗಳು ಸಾಲುಗಟ್ಟುತ್ತವೆ. 2023ರಲ್ಲಿ ಮುಂಗಾರು ಕೈಕೊಟ್ಟು ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತಲ್ಲ, ಅದರ ಮರುಬೇಸಿಗೆಯಲ್ಲಿ ನಮ್ಮ ಬೀದಿಯ ಹೆಣ್ಣುಮಕ್ಕಳು ಬೆಳಗಿನ ಜಾವ ಮೂರು ಗಂಟೆಗೆ ಅಲಾರಂ ಇಟ್ಟು ಎದ್ದು ನಲ್ಲಿಯ ಮುಂದೆ ಕುಳಿತದ್ದನ್ನು ತಾವೂ ಕಂಡಿದ್ದೀರಿ.

ಬೇಸಿಗೆಯ ಕಥೆ ಎಲ್ಲರಿಗೂ ಗೊತ್ತು. ಮಳೆಗಾಲದ್ದನ್ನು ಯಾರೂ ಹೇಳುವುದಿಲ್ಲ. ಕಳೆದ ಜುಲೈಯಲ್ಲಿ ಗಾಳಿಗೆ ಮರಗಳು ಲೈನಿನ ಮೇಲೆ ಬಿದ್ದು ಮೂರು ದಿನ ಕರೆಂಟು ಇರಲಿಲ್ಲ. ಹೊರಗೆ ಹಗಲೂ ರಾತ್ರಿ ಧೋ ಎಂದು ಮಳೆ. ಕೊಳವೆಬಾವಿಯ ಮೋಟಾರು ತಿರುಗದೆ ಮನೆಯೊಳಗೆ ನಲ್ಲಿ ಒಣಗಿತ್ತು. ಪಕ್ಕದ ಮನೆಯ ಅಜ್ಜಿ ಸೂರಿನ ಕೆಳಗೆ ಕೊಡ ಇಟ್ಟು ಹಿಡಿದ ನೀರನ್ನು ಬಟ್ಟೆಯಲ್ಲಿ ಸೋಸಿ ಅನ್ನಕ್ಕೆ ಇಟ್ಟರು. ಬೆಟ್ಟದ ತೊಟ್ಟಿಯ ನೀರು ಚಾಲ್ತಿಯಲ್ಲಿದ್ದ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ತೊಟ್ಟಿ ಸಂತೆ ಮೈದಾನಕ್ಕಿಂತ ಸುಮಾರು ಅರವತ್ತು ಮೀಟರ್ ಎತ್ತರದಲ್ಲಿದೆ; ಅಲ್ಲಿಂದ ನೀರು ತಾನಾಗಿಯೇ ಇಳಿದು ಬರುತ್ತದೆ. ಅದಕ್ಕೆ ಮೋಟಾರು ಬೇಡ, ಕರೆಂಟಿನ ಬಿಲ್ಲೂ ಇಲ್ಲ.

ತೊಟ್ಟಿಗೆ ನೀರು ಬರುವುದಿಲ್ಲ ಎಂಬ ಮಾತನ್ನು ಪರೀಕ್ಷಿಸದೆ ಬರೆಯಬಾರದೆಂದು ಈ ವರ್ಷ ಮಾರ್ಚ್ ಎರಡನೆಯ ವಾರ ನಾನೇ ಮೇಲಕ್ಕೆ ಹೋಗಿದ್ದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಊರಿಗೆ ನೀರು ಬಿಡುವ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಜೊತೆಗೆ ಬಂದರು. ತೊಟ್ಟಿಯಿಂದ ಸ್ವಲ್ಪ ಮೇಲೆ ಹಳ್ಳದ ಎರಡು ಕವಲು ಕೂಡುತ್ತವೆ. ಎಡಗವಲು ಮೀಸಲು ಅರಣ್ಯದ ಕಾನಿನೊಳಗಿಂದ ಬರುತ್ತದೆ. ಬಲಗವಲು ಕಾಫಿ ತೋಟಗಳ ನಡುವೆ ಹಾದು ಬರುತ್ತದೆ. ಕೂಡುವ ಜಾಗದಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿನ ಕಟ್ಟೆ. ಅದರ ಹಿಂದೆ ಎಷ್ಟೋ ಮಳೆಗಾಲ ಕೊಚ್ಚಿ ತಂದ ಮರಳು, ಕೆಸರು, ಕೊಳೆತ ಎಲೆ ತುಂಬಿ ಕಟ್ಟೆಯ ಎತ್ತರಕ್ಕೆ ನೆಲವೇ ಆಗಿತ್ತು. ಹಳ್ಳದ ನೀರು ತೊಟ್ಟಿಗೆ ಹೋಗುವ ಪೈಪನ್ನು ಮುಟ್ಟದೆ ಕಟ್ಟೆಯ ಒಂದು ಮೂಲೆಯಿಂದ ಪಕ್ಕಕ್ಕೆ ಹರಿದು ಹೋಗುತ್ತಿತ್ತು. ಹಿರಿಯರು ಪಂಚೆ ಎತ್ತಿ ಕಟ್ಟಿ ಇಳಿದು, ಪೈಪಿನ ಬಾಯಿಗೆ ಬಿಗಿದಿದ್ದ ತಂತಿ ಜಾಲರಿಯನ್ನು ಕೈಯಲ್ಲಿ ಹುಡುಕಿದರು. ಜಾಲರಿಯ ಮೇಲೆ ಅಂಗೈ ದಪ್ಪದ ಎಲೆಯ ಪದರ ಚಾಪೆಯ ಹಾಗೆ ಕೂತಿತ್ತು. ಅದನ್ನು ಕಿತ್ತು ತೆಗೆದು, ಗುದ್ದಲಿಯಲ್ಲಿ ಮರಳನ್ನು ಎಳೆದು ದಾರಿ ಮಾಡಿದಾಗ ಪೈಪು ಗೊಳಗೊಳ ಸದ್ದು ಮಾಡಿ ಗಾಳಿ ನುಂಗಿತು, ಆಮೇಲೆ ಸದ್ದಡಗಿತು. “ಇದು ಬತ್ತಿದ್ದಲ್ಲ ಸಾರ್, ಕಟ್ಟಿಕೊಂಡಿದ್ದು” ಎಂದರು. ಕೆಳಗೆ ಬಂದು ನೋಡಿದರೆ ತೊಟ್ಟಿಯ ಒಣ ನೆಲದ ಮೇಲೆ ನೀರು ಹರಡುತ್ತಿತ್ತು. ಇಬ್ಬರು ಮಾಡಿದ ಒಂದು ಗಂಟೆಯ ಕೆಲಸ ಅದು.

ಮರುದಿನ ಇಪ್ಪತ್ತು ಲೀಟರ್ ಬಕೆಟ್ ತೆಗೆದುಕೊಂಡು ಹೋಗಿ, ತೊಟ್ಟಿಗೆ ಬೀಳುವ ಪೈಪಿನ ಕೆಳಗಿಟ್ಟು, ಮೊಬೈಲಿನಲ್ಲಿ ಸಮಯ ನೋಡಿದೆ. ಐದು ಸಲದ ಸರಾಸರಿಯಲ್ಲಿ ಬಕೆಟ್ ತುಂಬಲು 16 ಸೆಕೆಂಡು ಹಿಡಿಯಿತು. ಅಂದರೆ ಸೆಕೆಂಡಿಗೆ ಒಂದೂಕಾಲು ಲೀಟರ್, ದಿನಕ್ಕೆ 1,08,000 ಲೀಟರ್. ಒಳಚರಂಡಿ ಇಲ್ಲದ ಪಟ್ಟಣಗಳಲ್ಲಿ ತಲೆಗೆ ದಿನಕ್ಕೆ 70 ಲೀಟರ್, ಒಳಚರಂಡಿ ಇರುವಲ್ಲಿ 135 ಲೀಟರ್ ಎಂಬುದು ನೀರು ಸರಬರಾಜು ಯೋಜನೆಗಳಿಗೆ ದೇಶದಲ್ಲಿ ಬಹುಕಾಲ ಬಳಸಿದ ಲೆಕ್ಕ. ನಮ್ಮಲ್ಲಿ ಒಳಚರಂಡಿ ಇಲ್ಲ. ಹಾಗಾಗಿ ಆ ಒಂದೇ ಪೈಪಿನ ನೀರು ಬೇಸಿಗೆಯ ನಡುವಿನಲ್ಲೂ 1,500 ಜನರಿಗೆ ಸಾಕು. ಏಪ್ರಿಲ್‌ನಲ್ಲಿ ಅದು ಅರ್ಧಕ್ಕೆ ಇಳಿದರೂ 750 ಜನ. ಇಡೀ ಊರಿಗೆ ಇದು ಸಾಲದು, ಒಪ್ಪುತ್ತೇನೆ. ಆದರೆ ಎರಡು ವಾರ್ಡುಗಳನ್ನು ಟ್ಯಾಂಕರಿನ ಸಾಲಿನಿಂದ ಹೊರಗೆ ತರುವಷ್ಟು ನೀರನ್ನು ಅಳತೆಯನ್ನೂ ಮಾಡದೆ ‘ಇಲ್ಲ’ ಎಂದು ಕಡತದಲ್ಲಿ ಬರೆದದ್ದು ನನಗೆ ಬಹಳ ನೋವು ತಂದಿದೆ.

ಈ ಅಳತೆ ಎಡಗವಲಿನದು ಮಾತ್ರ. ಬಲಗವಲು ಆ ದಿನ ಪೂರ್ತಿ ಒಣಗಿತ್ತು, ಮತ್ತು ಅದರ ಕಾರಣದಲ್ಲಿ ನನಗೂ ಪಾಲಿದೆ. ಆ ಕವಲಿನ ಮೇಲೆ ನನ್ನ ಮೂರು ಎಕರೆ ರೋಬಸ್ಟಾ ಕಾಫಿ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ರೋಬಸ್ಟಾ ಮೊಗ್ಗು ಒಣಗುತ್ತದೆ, ಬೆಳೆ ಕೈಬಿಟ್ಟು ಹೋಗುತ್ತದೆ. ಆದ್ದರಿಂದ ನಾವು ಬೆಳೆಗಾರರು ಹಳ್ಳಕ್ಕೆ ಪಂಪು ಇಟ್ಟು ಸ್ಪ್ರಿಂಕ್ಲರ್‌ನಲ್ಲಿ ಕೃತಕ ಮಳೆ ಹೊಡೆಯುತ್ತೇವೆ, ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಹೊಡೆಯುತ್ತೇವೆ. ಒಂದು ಎಕರೆಗೆ ಒಂದು ಇಂಚು ನೀರು ಕೊಡಲು ಸುಮಾರು ಒಂದು ಲಕ್ಷ ಲೀಟರ್ ಬೇಕು. ಈ ಲೆಕ್ಕವನ್ನು ತೊಟ್ಟಿಯ ಲೆಕ್ಕದ ಪಕ್ಕದಲ್ಲಿ ಬರೆದಾಗ ಪೆನ್ನು ಅಲ್ಲೇ ನಿಂತಿತು. ಎಡಗವಲು ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಹರಿದು ತರುವ ನೀರು, 1,500 ಜನರ ಒಂದು ದಿನದ ನೀರು, ನನ್ನ ತೋಟದ ಒಂದು ಎಕರೆಯ ಒಂದು ಸಲದ ಹೂವಿಗೆ ಸಮ. ಇಷ್ಟು ವರ್ಷ ನಾನು ಈ ಲೆಕ್ಕ ಹಾಕಿರಲಿಲ್ಲ. ಕಾಫಿ ಬೆಳೆಯುವುದು ತಪ್ಪಲ್ಲ; ಈ ಊರಿನ ಅಂಗಡಿ, ಬಸ್ಸು, ಶಾಲೆ ಎಲ್ಲವೂ ಕಾಫಿಯ ದುಡ್ಡಿನಲ್ಲೇ ನಡೆಯುತ್ತವೆ. ಆದರೆ ಊರಿನ ಬಾಯಾರಿಕೆಯೂ ತೋಟದ ಹೂವೂ ಒಂದೇ ತಿಂಗಳಲ್ಲಿ ಒಂದೇ ಹಳ್ಳಕ್ಕೆ ಕೈಚಾಚುತ್ತವೆ ಎಂಬುದನ್ನು ನಾವು ಬೆಳೆಗಾರರೂ ತಾವು ಸದಸ್ಯರೂ ಎದುರುಬದುರು ಕೂತು ಒಮ್ಮೆಯೂ ಮಾತಾಡಿಲ್ಲ.

ಮಾತಾಡಿದರೆ ದಾರಿಯಿದೆ. ಹಳ್ಳ ತುಂಬಿ ಹರಿಯುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ದಿನಗಳಲ್ಲಿ ತೋಟದ ಕೆರೆ, ಕೃಷಿ ಹೊಂಡಗಳನ್ನು ತುಂಬಿಸಿಕೊಂಡರೆ ಮಾರ್ಚ್‌ನಲ್ಲಿ ನೇರವಾಗಿ ಹಳ್ಳಕ್ಕೆ ಪಂಪು ಇಡುವ ಅಗತ್ಯ ಬಹಳಷ್ಟು ತಪ್ಪುತ್ತದೆ. ಹೊಂಡಕ್ಕೆ ಜಾಗವಿಲ್ಲದ ನನ್ನಂಥ ಸಣ್ಣವರು ಸರದಿಯ ಮೇಲೆ, ಒಂದು ದಿನ ಒಬ್ಬರೇ, ಹಳ್ಳದಲ್ಲಿ ಕನಿಷ್ಠ ಹರಿವು ಉಳಿಯುವಷ್ಟು ಮಾತ್ರ ಎತ್ತುವುದಾಗಿ ಒಪ್ಪಂದ ಮಾಡಿಕೊಳ್ಳಬಹುದು. ಮಳೆ ನಿಂತ ಮೇಲೆ ಹಳ್ಳಕ್ಕೆ ಕಲ್ಲು, ಮಣ್ಣು, ಸೊಪ್ಪಿನ ಕಟ್ಟ ಹಾಕುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ಕೆಲಸ. ಅದು ನಿಂತುಹೋಗಿ ಬಹಳ ಕಾಲವೇನೂ ಆಗಿಲ್ಲ. ಪಂಚಾಯಿತಿಯೇ ಮುಂದೆ ನಿಂತು ಕರೆದರೆ ಬಲಗವಲಿನ ಬೆಳೆಗಾರರನ್ನು ಒಂದೆಡೆ ಸೇರಿಸುವ ಹೊಣೆ ನನ್ನದು.

ಮೂರು ಸಾವಿರ ಮಿ.ಮೀ. ಮಳೆ ಸುರಿಯುವ ನಾಡಿಗೆ ನೀರಿನ ಚಿಂತೆ ಯಾಕೆ ಎಂದು ಬಯಲುಸೀಮೆಯ ನೆಂಟರು ಕೇಳುತ್ತಾರೆ. ಸುರಿದ ಮಳೆ ನಿಲ್ಲುವುದು ಎಲ್ಲಿ ಎಂಬುದರಲ್ಲಿ ಉತ್ತರವಿದೆ. ನಮ್ಮ ನೆಲದ ಅಡಿ ಗಟ್ಟಿ ಬಂಡೆ; ಅದರಲ್ಲಿ ಸಂದು, ಬಿರುಕು ಇದ್ದಲ್ಲಿ ಮಾತ್ರ ನೀರು ನಿಲ್ಲುತ್ತದೆ. ಹಾಗಾಗಿಯೇ ಒಂದು ಕೊಳವೆಬಾವಿಯಲ್ಲಿ ನೀರು ಚಿಮ್ಮಿದರೆ ಐವತ್ತು ಅಡಿ ಆಚೆ ಕೊರೆದದ್ದರಲ್ಲಿ ದೂಳು ಬರುವುದು. ಮಳೆಗಾಲದ ನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ಒರತೆಯಾಗಿ ಬಿಡುವುದು ಬಂಡೆಯ ಮೇಲಿನ ಮಣ್ಣು. ಆ ಮಣ್ಣನ್ನು ಹಿಡಿದಿಟ್ಟಿರುವುದು ಕಾನಿನ ಮರಗಳ ಬೇರು ಮತ್ತು ಅವುಗಳ ಕೆಳಗಿನ ತರಗೆಲೆ. ಎಡಗವಲು ಮಾರ್ಚ್‌ನಲ್ಲೂ ಹರಿಯುತ್ತಿದ್ದದ್ದು ಅದರ ಮೇಲೆ ಕಾನು ಇನ್ನೂ ಉಳಿದಿರುವುದರಿಂದ. ಕಾನಿನ ಕೆಳಗಿನ ಹಡ್ಲುಗಳೂ, ಅಂದರೆ ತಗ್ಗಿನ ಜೌಗು ಗದ್ದೆಗಳೂ, ಇದೇ ಕೆಲಸ ಮಾಡುತ್ತವೆ. ಬೇಸಾಯ ಬಿಟ್ಟ ಹಡ್ಲು ಯಾವ ಕೆಲಸಕ್ಕೂ ಬಾರದ ಕೆಸರುಗುಂಡಿಯಂತೆ ಕಾಣುವುದು ನಿಜ. ಅದಕ್ಕೆ ಲಾರಿಗಟ್ಟಲೆ ಮಣ್ಣು ಸುರಿದು ನಿವೇಶನ ಮಾಡಿದಾಗ ಕೆಳಗಿನ ಬೀದಿಯ ಮೂರು ಬಾವಿಗಳು ಬತ್ತಿದ್ದನ್ನು ನಾವೇ ಕಂಡಿದ್ದೇವೆ. ಪಟ್ಟಣದ ಗಡಿಯೊಳಗೆ ಇನ್ನೂ ಎರಡು ಹಡ್ಲು ಉಳಿದಿವೆ. ಅವುಗಳ ಮೇಲೆ ಕಟ್ಟಡ ಪರವಾನಗಿ ಕೊಡುವ ಮೊದಲು ಸ್ಥಳಕ್ಕೆ ಹೋಗಿ, ಮಳೆಗಾಲದಲ್ಲಿ ಒಮ್ಮೆ ಬೇಸಿಗೆಯಲ್ಲಿ ಒಮ್ಮೆ ನೋಡಿ ಎಂದಷ್ಟೇ ಕೇಳುತ್ತೇನೆ.

ತೊಟ್ಟಿಯ ಮೇಲಿನ ಬೆಟ್ಟ ನಮ್ಮ ಗಡಿಯೊಳಗಿಲ್ಲ, ಅದು ಅರಣ್ಯ ಇಲಾಖೆಯದು ಮತ್ತು ಪಕ್ಕದ ಗ್ರಾಮ ಪಂಚಾಯಿತಿಯದು, ನಮಗೇಕೆ ಎಂಬ ಮಾತು ಸಭೆಯಲ್ಲಿ ಬಂತೆಂದು ಕೇಳಿದ್ದೇನೆ. ನಮ್ಮ ಕೊನೆಯ ಬೀದಿದೀಪದ ಆಚೆಗೆ ಪಂಚಾಯಿತಿಯ ಅಧಿಕಾರ ಇಲ್ಲ ಎಂಬುದು ಸರಿ. ಆದರೆ ಕಾನೂನು ಈ ತೊಡಕನ್ನು ಮೊದಲೇ ಯೋಚಿಸಿದೆ. ನಗರಾಡಳಿತಕ್ಕೆ ಸಂವಿಧಾನದ ಸ್ಥಾನ ಕೊಟ್ಟ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದರ ಜೊತೆಗೆ ಬಂದ ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ ನೀರು ಸರಬರಾಜೂ ಇದೆ, ಪರಿಸರ ರಕ್ಷಣೆಯೂ ಇದೆ. ಅದೇ ತಿದ್ದುಪಡಿಯ 243 ಝಡ್‌ಡಿ ವಿಧಿಯ ಪ್ರಕಾರ ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕು. ಆ ಸಮಿತಿ ಯೋಜನೆ ತಯಾರಿಸುವಾಗ ಹಳ್ಳಿಗಳ ಪಂಚಾಯಿತಿಗಳಿಗೂ ಪುರಸಭೆಗಳಿಗೂ (ನಮ್ಮಂಥ ಪಟ್ಟಣ ಪಂಚಾಯಿತಿಯೂ ಇದರಲ್ಲಿ ಸೇರುತ್ತದೆ) ಸಮಾನವಾದ ವಿಷಯಗಳನ್ನು, ಅದರಲ್ಲೂ ನೀರಿನ ಹಂಚಿಕೆಯನ್ನು ಗಮನಿಸಬೇಕು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಹಳ್ಳಿಯಲ್ಲಿ ಹುಟ್ಟಿ ಪೇಟೆಗೆ ಬರುವ ನಮ್ಮ ಹಳ್ಳದಂಥ ಹಳ್ಳಕ್ಕಾಗಿಯೇ ಬರೆದ ಮಾತಿನ ಹಾಗಿದೆ ಅದು. ತಮ್ಮ ಸಭೆಯ ಒಂದು ನಿರ್ಣಯ, ಗ್ರಾಮ ಪಂಚಾಯಿತಿಯ ಒಂದು ನಿರ್ಣಯ, ಎರಡನ್ನೂ ಆ ಸಮಿತಿಯ ಮುಂದಿಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಇಲ್ಲಿ ಇನ್ನೊಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಬೆಟ್ಟದ ಬುಡದಲ್ಲಿ ಹತ್ತಿಪ್ಪತ್ತು ಮನೆಗಳ ಗಿರಿಜನ ಕಾಲೊನಿ ಇದೆ. ನಮ್ಮ ತೊಟ್ಟಿಯಿಂದ ಇಳಿಯುವ ಪೈಪು ಆ ಮನೆಗಳ ಅಂಗಳದ ಪಕ್ಕದಲ್ಲೇ ಹಾದು ಬರುತ್ತದೆ. ಇಷ್ಟು ವರ್ಷಗಳಲ್ಲಿ ಅದರಿಂದ ಒಂದು ನಲ್ಲಿಯನ್ನೂ ಅವರಿಗೆ ಕೊಟ್ಟಿಲ್ಲ. ಅವರು ನಮ್ಮ ಪಂಚಾಯಿತಿಗೆ ಸೇರಿದವರಲ್ಲ ಎಂಬುದೇ ಕಾರಣ. ಅಲ್ಲಿನ ಹೆಣ್ಣುಮಕ್ಕಳು ಪೈಪನ್ನು ದಾಟಿಕೊಂಡು ಹಳ್ಳಕ್ಕೆ ಇಳಿದು ಕೊಡ ತುಂಬಿಸಿಕೊಂಡು ಮತ್ತೆ ಪೈಪನ್ನು ದಾಟಿ ಮನೆಗೆ ಹೋಗುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಪ್ರಕರಣದ ಪ್ರಕಾರ, ಅರಣ್ಯ ಭೂಮಿಯಲ್ಲಿ ಸರ್ಕಾರ ನಿರ್ವಹಿಸುವ ಕೆಲವು ಸಾರ್ವಜನಿಕ ಸೌಲಭ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗವಾದರೆ ಮತ್ತು ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬೇಕಿಲ್ಲದಿದ್ದರೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಅನುಮತಿ ಸಿಗುತ್ತದೆ. ಕುಡಿಯುವ ನೀರು ಮತ್ತು ನೀರಿನ ಕೊಳವೆ ಮಾರ್ಗ ಆ ಪಟ್ಟಿಯಲ್ಲಿವೆ. ಪಟ್ಟಣದಲ್ಲಿ ಗ್ರಾಮಸಭೆ ಇಲ್ಲ, ಕಾಲೊನಿಯ ಗ್ರಾಮದಲ್ಲಿ ಇದೆ. ಕಟ್ಟೆ ಮತ್ತು ಪೈಪಿನ ಕೆಲಸವನ್ನು ಮೊದಲು ಕಾಲೊನಿಯ ನೀರಿಗಾಗಿ, ಮಿಕ್ಕಿದ್ದು ಊರಿಗಾಗಿ ಎಂದು ಆ ಗ್ರಾಮ ಪಂಚಾಯಿತಿಯ ಜೊತೆ ಸೇರಿ ರೂಪಿಸಿದರೆ ಅರಣ್ಯ ಇಲಾಖೆಯ ಮುಂದೆಯೂ ಅದು ನಿಲ್ಲುವ ಅರ್ಜಿಯಾಗುತ್ತದೆ, ನಮ್ಮಿಂದ ಆಗಿರುವ ಅನ್ಯಾಯವೂ ಸರಿಯಾಗುತ್ತದೆ. ಒಂದೂ ಮರ ಕಡಿಯಬೇಕಿಲ್ಲ. ಕಟ್ಟೆಯೂ ಪೈಪಿನ ಜಾಡೂ ಈಗಾಗಲೇ ಇವೆ.

ಹಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಗರಗಳ ನೀರು ಸರಬರಾಜಿಗೆಂದು ಕೇಂದ್ರ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಅಮೃತ್ 2.0 ಯೋಜನೆಯನ್ನು ದೊಡ್ಡ ನಗರಗಳಿಗಷ್ಟೇ ಅಲ್ಲದೆ ನಮ್ಮಂಥ ಸಣ್ಣ ಪಟ್ಟಣಗಳಿಗೂ ಅನ್ವಯಿಸುವಂತೆ ರೂಪಿಸಲಾಗಿತ್ತು, ಅದರಲ್ಲಿ ಜಲಮೂಲಗಳ ಪುನಶ್ಚೇತನಕ್ಕೂ ಅವಕಾಶ ಇಡಲಾಗಿತ್ತು. ಕೊಳವೆಬಾವಿ ಕೊರೆಸಲು ಸಿಗುವ ಅನುದಾನದಲ್ಲಿ ಜಾಲರಿ ಬದಲಾಯಿಸಲು, ಹೂಳು ತೆಗೆಸಲು, ಒಡೆದ ಹತ್ತು ಹನ್ನೆರಡು ಪೈಪು ಹಾಕಿಸಲು ಒಂದು ಪಾಲು ತೆಗೆದಿಡುವುದು ಕಷ್ಟವಾಗಲಾರದು.

ಅದಕ್ಕಿಂತ ಮುಖ್ಯವಾದದ್ದು ಆ ಕೆಲಸ ಮಾಡುವವರ ಕ್ಷೇಮ. ಬೇಸಿಗೆಯಲ್ಲಿ ಕಾಡಿಗೆ ಹೋಗುವವರಿಗೆ ನಮ್ಮ ಕಡೆ ಮಂಗನ ಕಾಯಿಲೆಯ ಭಯವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಉಣ್ಣೆ ಕಚ್ಚುವುದರಿಂದ ಹರಡುತ್ತದೆ; 2024ರಲ್ಲಿ ನಮ್ಮ ಜಿಲ್ಲೆಯಲ್ಲೂ ಕಾಣಿಸಿಕೊಂಡಿತ್ತು. ಹೊರಗುತ್ತಿಗೆಯ ಹುಡುಗನೊಬ್ಬನಿಗೆ ‘ಹೋಗಿ ಜಾಲರಿ ತೊಳೆದು ಬಾ’ ಎಂದು ಬರಿಗಾಲಿನಲ್ಲಿ ಕಳಿಸಬಾರದು. ಮೈತುಂಬ ಬಟ್ಟೆ, ಗಮ್‌ಬೂಟು, ಉಣ್ಣೆ ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ, ಜೊತೆಗೊಬ್ಬ ಸಂಗಾತಿ, ಹೆಚ್ಚುವರಿ ಕೂಲಿ ಇವಿಷ್ಟೂ ಇರಲಿ. ಕಾನಿನ ಒಳಗಿಂದ ಬಂದ ನೀರು ಶುದ್ಧವೆಂಬ ನಂಬಿಕೆಯ ಮೇಲೆ ಕ್ಲೋರಿನ್ ಹಾಕದೆ ಬಿಡುವುದೂ ಬೇಡ. ಮೊದಲ ಮಳೆಯ ವಾರಗಳಲ್ಲಂತೂ ತೊಟ್ಟಿಯ ನೀರನ್ನು ಪರೀಕ್ಷೆ ಮಾಡಿಸಿಯೇ ಬಿಡಬೇಕು.

ಊರಿನವರಾದ ನಮಗೂ ಒಂದೆರಡು ಮಾತು. ನಲ್ಲಿಯ ಪೈಪಿಗೆ ನೇರವಾಗಿ ಮೋಟಾರು ಸಿಕ್ಕಿಸಿ ನೀರು ಎಳೆಯುವವರು ಮೇಲಿನ ಬೀದಿಯ ಪಾಲನ್ನು ಎಳೆಯುತ್ತಿದ್ದಾರೆ, ಅದನ್ನು ನಿಲ್ಲಿಸೋಣ. ಒಂದು ಚದರ ಮೀಟರ್ ಮಾಡಿನ (ಮನೆಯ ಸೂರಿನ) ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ಮಾಡಿನ ಮೇಲೆ ಎರಡೂವರೆ ಸಾವಿರ ಮಿ.ಮೀ. ಮಳೆ ಬಿದ್ದರೆ ಎರಡೂವರೆ ಲಕ್ಷ ಲೀಟರ್. ಅದನ್ನೆಲ್ಲ ಹಿಡಿದಿಡಲು ಯಾರಿಂದಲೂ ಆಗದು. ಆದರೆ ಅಷ್ಟನ್ನೂ ಚರಂಡಿಗೆ ಬಿಟ್ಟು, ಮಾಡಿನ ನೀರಿಳಿಯುವ ಒಂದು ದೋಣಿಯನ್ನೂ ಬಾವಿಯ ಕಡೆಗೆ ತಿರುಗಿಸದೆ ಪಂಚಾಯಿತಿಯನ್ನು ಮಾತ್ರ ದೂರುವುದು ನ್ಯಾಯವಲ್ಲ. ಪಂಚಾಯಿತಿ ಕಚೇರಿ, ಬಸ್ ನಿಲ್ದಾಣ, ಸಮುದಾಯ ಭವನದ ಮಾಡುಗಳಿಂದ ಇದು ಶುರುವಾದರೆ ಜನರೂ ಹಿಂಬಾಲಿಸುತ್ತಾರೆ. ವಾರಾಂತ್ಯದ ಪ್ರವಾಸಿಗರಿಗಾಗಿ ಹೋಂಸ್ಟೇ ನಡೆಸುವ ಮಿತ್ರರು ಈ ಕೆಲಸದಲ್ಲಿ ಎಲ್ಲರಿಗಿಂತ ಮುಂದಿರಬೇಕು, ಏಕೆಂದರೆ ಟ್ಯಾಂಕರ್ ಹೆಚ್ಚು ಬರುವುದು ಅವರ ಅಂಗಳಕ್ಕೇ.

ನನ್ನ ಕೋರಿಕೆ ಇಷ್ಟೇ. ತೊಟ್ಟಿಯನ್ನು ಕೈಬಿಡುವ ನಿರ್ಣಯವನ್ನು ಒಂದು ವರ್ಷ ತಡೆಹಿಡಿಯಿರಿ. ಆ ವರ್ಷದಲ್ಲಿ ಎರಡೂ ಕವಲುಗಳ ಹರಿವನ್ನು ಪ್ರತಿ ಭಾನುವಾರ ಅಳೆದು ಬರೆದಿಡೋಣ. ಇದಕ್ಕೆ ಒಂದು ಬಕೆಟ್ ಮತ್ತು ಒಂದು ಗಡಿಯಾರ ಸಾಕು, ನಮ್ಮ ಪ್ರೌಢಶಾಲೆಯ ಮಕ್ಕಳನ್ನು ತೊಟ್ಟಿಯವರೆಗೆ ಕರೆದುಕೊಂಡು ಹೋಗಲು ಶಿಕ್ಷಕರು ಒಪ್ಪಿದ್ದಾರೆ. ಮಾರ್ಚ್‌ನಿಂದ ಈವರೆಗೆ ನಾನು ಮಾಡಿರುವ ಅಳತೆಗಳು ಒಂದು ನೋಟುಪುಸ್ತಕದಲ್ಲಿವೆ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಿದರೆ ಅದನ್ನು ತಂದು ತಮ್ಮ ಮುಂದಿಡುತ್ತೇನೆ. ಬಲಗವಲಿಗೆ ಇಟ್ಟಿದ್ದ ನನ್ನ ಪಂಪನ್ನು ಮಳೆಗಾಲಕ್ಕೆ ಮೊದಲೇ ಬಿಚ್ಚಿ ಮನೆಗೆ ತಂದಿದ್ದೇನೆ. ತೋಟದ ಮೂಲೆಯಲ್ಲಿ ಹೊಂಡ ತೋಡುವ ಕೆಲಸ ಮಳೆ ಬಿಟ್ಟ ಮೇಲೆ ಶುರುವಾಗುತ್ತದೆ.

ತಮ್ಮ ವಿಶ್ವಾಸಿ,
ಪಟ್ಟಣದ ಒಬ್ಬ ನಿವಾಸಿ ಮತ್ತು ಸಣ್ಣ ಕಾಫಿ ಬೆಳೆಗಾರ